ಕಂಪ್ಯೂಟರ್ ಓದುವ ನಮ್ಮ ಮಕ್ಕಳಿಗೆ ಸಂಘದ ಆಸರೆ

(ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ಇಪ್ಪತ್ತೈದು ವರ್ಷದ ಸಾಧನೆಯನ್ನು ಅಧ್ಯಕ್ಷರು ವಿವರವಾಗಿ ತಿಳಿಸಿದ್ದಾರೆ. ನಾವು ಮುಂದಿನ ಪೀಳಿಗೆಯ ಬಗ್ಗೆ ಎರಡು ಮಾತು ಹೇಳುತ್ತೇವೆ. ನಾವು ಓದಿರುವುದು ಎಸ್‌ಎಸ್‌ಎಲ್‌ಸಿ. ಆದರೂ ತಿಳಿದವರನ್ನು ಕೇಳಿ, ವಿಚಾರಿಸಿಕೊಂಡು ಬಂದಿದ್ದೇವೆ.

ಕಂಪ್ಯೂಟರ್ ಓದು ಅಂದ್ರೆ ಟೈಪ್ ಮಾಡೋದು ಅಂತ ಬಹಳ ಜನ ತಿಳಿದಿದ್ದಾರೆ. ಡೇರಿಯಲ್ಲಿ ನಿಮ್ಮ ಕೈಗೆ ಬರುವ ಚೀಟಿ ನೋಡಿ. ಎಷ್ಟು ಲೀಟರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಅದಕ್ಕೆ ದರ ಎಷ್ಟು, ಒಟ್ಟು ಹಣ ಎಷ್ಟು. ಇದನ್ನು ಯಂತ್ರ ತಾನಾಗಿ ಕಲಿತಿಲ್ಲ. ಮೊದಲು ಇದು ಮಾಡು, ಆಮೇಲೆ ಇದನ್ನು ಗುಣಿಸು ಅಂತ ಯಾರೋ ಹಂತ ಹಂತವಾಗಿ ಬರೆದಿಟ್ಟಿದ್ದಾರೆ. ಅದೇ ಪ್ರೋಗ್ರಾಮ್. ಹಾಲಿನ ಲೆಕ್ಕ ಗೊತ್ತಿರುವ ಮನೆಯ ಮಗು ಅದನ್ನು ಬರೆಯಲು ಕಲಿಯಲಾರದೆ?

ದಾರಿಗಳು ಹಲವು ಇವೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಐಟಿಐನಲ್ಲಿ ಒಂದು ವರ್ಷದ ಕೋಪಾ, ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು. ಪಿಯುಸಿ ಆದವರಿಗೆ ಬಿಸಿಎ ಇದೆ.

ಸೇರುವುದು ಸುಲಭ, ಉಳಿಯುವುದೇ ಕಷ್ಟ. ನಮ್ಮೂರಿನಿಂದ ಹೋದ ಮಕ್ಕಳನ್ನು ಮಾತಾಡಿಸಿದೆವು. ಬುದ್ಧಿ ಸಾಲದೆ ಓದು ಬಿಟ್ಟೆ ಅಂದವರು ಇಲ್ಲ. ಪಾಠವೆಲ್ಲ ಇಂಗ್ಲಿಷು, ಮನೆಯಲ್ಲಿ ಯಂತ್ರವಿಲ್ಲ, ಕೇಳಲು ಜನವಿಲ್ಲ ಅಂದರು. ಮೊಬೈಲಿನಲ್ಲಿ ಪಾಠ ನೋಡಬಹುದು, ಆದರೆ ದಿನಾ ಪ್ರೋಗ್ರಾಮ್ ಬರೆದು ಕೈ ಪಳಗಲು ಕಂಪ್ಯೂಟರೇ ಬೇಕು. ಕೆಲವು ಮನೆಗಳಲ್ಲಿ ಮಗನಿಗೆ ಹಸು ಮಾರಿ ಲ್ಯಾಪ್‌ಟಾಪ್ ಕೊಡಿಸುತ್ತಾರೆ, ಮಗಳಿಗೆ ಮೊಬೈಲ್ ಸಾಕು ಅಂತಾರೆ. ಆ ಹಸುವಿಗೆ ಹುಲ್ಲು ಹಾಕಿದವಳು ಯಾರು ಸ್ವಾಮಿ?

ಸಹಾಯ ಇಲ್ಲವೆಂದಲ್ಲ. ಮುಂಬಯಿ ಐಐಟಿಯವರ ‘ಸ್ಪೋಕನ್ ಟ್ಯುಟೋರಿಯಲ್’ ಎಂಬ ಉಚಿತ ಪಾಠಗಳಿವೆ. ಒಂದೊಂದು ಸುಮಾರು ಹತ್ತು ನಿಮಿಷದ್ದು, ಹಲವು ಕನ್ನಡದಲ್ಲೂ ಇವೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನಲ್ಲಿ ದೊಡ್ಡ ಪ್ರಾಧ್ಯಾಪಕರ ಪಾಠ ಕಾಸಿಲ್ಲದೆ ಕೇಳಬಹುದು. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷೆಗೆ ಶುಲ್ಕ ಕಟ್ಟಬೇಕು.

ಹಣದ ವಿಚಾರ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಮೊದಲೇ ಸಿದ್ಧವಿರಲಿ. ಕೇಂದ್ರ ಸಚಿವ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಕಾಲೇಜಿಗೆ ಮೆರಿಟ್ ಮೇಲೆ ಸೇರಿದವರಿಗೆ ಜಾಮೀನು, ಅಡಮಾನ ಇಲ್ಲದೆ ಸಾಲ ಉಂಟು. ಮನೆಯ ವಾರ್ಷಿಕ ಆದಾಯ 8 ಲಕ್ಷ ರೂ. ಒಳಗಿದ್ದು ಬೇರೆ ಸರ್ಕಾರಿ ನೆರವು ಇಲ್ಲದವರಿಗೆ, 10 ಲಕ್ಷ ರೂ.ವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಬಡ್ಡಿಯಲ್ಲಿ ಶೇ. 3 ರಿಯಾಯಿತಿಗೆ ಅವಕಾಶವಿದೆ. ಪಟ್ಟಿಯಲ್ಲಿ ಕಾಲೇಜಿನ ಹೆಸರು ಇದೆಯೇ ಅಂತ ಸೇರುವ ಮೊದಲೇ ನೋಡಿಕೊಳ್ಳಿ.

ಇಷ್ಟೆಲ್ಲ ಇದ್ದರೂ ಮಕ್ಕಳಿಗೆ ಮುಟ್ಟಿಸುವವರು ಬೇಕಲ್ಲ. ಅದಕ್ಕೇ ಮಹಾಸಭೆಯ ಮುಂದೆ ಮೂರು ಸಲಹೆ ಇಡುತ್ತೇವೆ. ಒಂದು, ಕಾಯ್ದೆ ಒಪ್ಪುವಷ್ಟರಲ್ಲಿ ಲಾಭ ವಿಲೇವಾರಿಯಿಂದ ಎರಡು ಕಂಪ್ಯೂಟರ್ ತಂದು ಸಂಘದ ಮೇಲಿನ ಕೊಠಡಿಯಲ್ಲಿಡೋಣ. ಹಾಲಿನ ಲೆಕ್ಕದ ಯಂತ್ರವನ್ನು ಇದಕ್ಕೆ ಮುಟ್ಟುವುದು ಬೇಡ. ಎರಡು, ಫಲಿತಾಂಶ ಬಂದ ವಾರದಿಂದ ಅರ್ಜಿ ತುಂಬಿಕೊಡಲು ಒಬ್ಬರನ್ನು ನೇಮಿಸೋಣ. ಮೂರು, ಓದುತ್ತಿರುವ ಅಣ್ಣ-ಅಕ್ಕಂದಿರು ರಜೆಗೆ ಬಂದಾಗ ಕಿರಿಯರಿಗೆ ಕನ್ನಡದಲ್ಲಿ ಹೇಳಿಕೊಡಲಿ. ಹೆಣ್ಣುಮಕ್ಕಳಿಗೆ ಸಂಜೆ ಹಾಲಿನ ಹೊತ್ತಿನಲ್ಲೇ ಸಮಯ ಕೊಟ್ಟರೆ ತಾಯಿಯ ಜೊತೆ ಬಂದು ಹೋಗುತ್ತಾರೆ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತನಿಗೆ ಕೈಗೆಟಕುವ ಸಾಲ ಸಿಗಲೆಂದು. ಇಂದು ನಮ್ಮ ಮಕ್ಕಳಿಗೆ ಕೈಗೆಟಕುವ ವಿದ್ಯೆ ಬೇಕಾಗಿದೆ. ಈ ವರ್ಷದ ಮಹಾಸಭೆಯಲ್ಲೇ ಠರಾವು ಆಗಲಿ ಎಂದು ಕೋರಿ ಮಾತು ಮುಗಿಸುತ್ತೇವೆ.