ಮುಳ್ಳು ಸುತ್ತುವ ಬರಿಯ ಜಾಗ

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1982ರಲ್ಲಿ ಹುಟ್ಟಿದ ‘ದಿ ಸ್ಮಿತ್ಸ್’ ಎಂಬ ನಾಲ್ವರು ತರುಣರ ಸಂಗೀತ ತಂಡ, ‘ರಫ್ ಟ್ರೇಡ್’ ಎಂಬ ಸ್ವತಂತ್ರ ಸಂಸ್ಥೆಯ ಮೂಲಕ ಹಾಡುಗಳನ್ನು ಹೊರತಂದು 1987ರಲ್ಲಿ ಒಡೆಯಿತು. ಅದರ ಅಭಿಮಾನಿಗಳು ಕೂಡಿದಲ್ಲೆಲ್ಲ ಸಣ್ಣಪುಟ್ಟ ಸಂಗತಿಗಳದೇ ವಿನಿಮಯ. 1986ರ ‘ದಿ ಕ್ವೀನ್ ಈಸ್ ಡೆಡ್’ ಹೊದಿಕೆಯಲ್ಲಿರುವುದು 1964ರ ಚಲನಚಿತ್ರವೊಂದರಲ್ಲಿನ ಫ್ರೆಂಚ್ ನಟ ಅಲೇನ್ ದೆಲೋನರ ಚಿತ್ರ. ಹಾಡು ಮುಗಿದ ಮೇಲೆ ಮುಳ್ಳು ಸುಮ್ಮನೆ ಸುತ್ತುವ ಬರಿಯ ಜಾಗದಲ್ಲಿ ಕೆತ್ತಿದ ಪುಟ್ಟ ವಾಕ್ಯಗಳನ್ನೂ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದುತ್ತಾರೆ.

ಇದು ಹುಡುಗಾಟವೆಂದು ನಾನೂ ನಕ್ಕಿದ್ದುಂಟು. ಆದರೆ ತಾಳೆಗರಿಯ ಕೊನೆಯಲ್ಲಿ ಲಿಪಿಕಾರನು ಬರೆದಿಟ್ಟ ಒಂದು ಸಾಲಿಗಾಗಿ ನಾನು ಕಣ್ಣು ಸವೆಸಿದ್ದೂ ಹೀಗೆಯೇ. 2023ರಲ್ಲಿ ಬಾಸ್ ಗಿಟಾರ್ ವಾದಕ ಆಂಡಿ ರೋರ್ಕ್ ತೀರಿಕೊಂಡರು. ನಾಲ್ವರೂ ಮತ್ತೆ ಕೂಡುವ ಆಸೆ ಮುಗಿಯಿತು. ಹೊಸ ಹಾಡು ಬಾರದೆಂದು ಬಲ್ಲವರು ಇರುವುದನ್ನೇ ಒಂದಕ್ಷರ ಬಿಡದೆ ಓದುತ್ತಾರೆ. ನಾನೀಗ ನಗುವುದಿಲ್ಲ.