ಹಿಡಿಯಲೂ ಬೇಕು, ಬಿಡಲೂ ಬೇಕು



ಮೇಡ್ಲೇರಿಯ ಈ ವಿಜ್ಞಾನ ವಸ್ತು ಪ್ರದರ್ಶನದಲ್ಲಿ ನೀರನ್ನು ಒಡೆದು ತೋರಿಸುವ ಮೇಜೊಂದಿದೆ. ವಾಷಿಂಗ್ ಸೋಡಾ ಕರಗಿಸಿದ ನೀರು, ಎರಡು ಪೆನ್ಸಿಲ್ ಕಡ್ಡಿ, 9 ವೋಲ್ಟಿನ ಬ್ಯಾಟರಿ. ಒಂದು ಕಡ್ಡಿಯ ಮೇಲೆ ಹೈಡ್ರೋಜನ್, ಇನ್ನೊಂದರ ಮೇಲೆ ಆಕ್ಸಿಜನ್ ಗುಳ್ಳೆಗಳು. ಪುಸ್ತಕದ ಲೆಕ್ಕಕ್ಕೆ 1.23 ವೋಲ್ಟ್ ಸಾಕು. ಹಾಗಾದರೆ 9 ಯಾಕೆ ಬೇಕಾಯಿತು? ಒಂದು ಮುಖ್ಯ ಕಾರಣ ಕಡ್ಡಿಯ ಮೈಯಲ್ಲಿದೆ. ಈ ಕೆಲಸಕ್ಕೆ ಗ್ರಾಫೈಟ್ ಸೋಮಾರಿ, ಪ್ಲಾಟಿನಂ ಚುರುಕು.

ವೇಲ್ಸ್‌ನ ವಿಲಿಯಂ ಗ್ರೋವ್ 1839ರಲ್ಲಿ ಇದನ್ನೇ ತಿರುಗುಮುರುಗು ಮಾಡಿದರು. ಗಂಧಕಾಮ್ಲದಲ್ಲಿ ಅದ್ದಿದ ಪ್ಲಾಟಿನಂ ಪಟ್ಟಿಗಳಿಗೆ ಹೈಡ್ರೋಜನ್ ಮತ್ತು ಆಕ್ಸಿಜನ್ ತಾಗಿಸಿದರು. ವಿದ್ಯುತ್ ಹರಿಯಿತು, ನೀರು ಹುಟ್ಟಿತು. ಇದೇ ಫ್ಯೂಯೆಲ್ ಸೆಲ್. ಮುಂದೆ ಪಟ್ಟಿಗಳ ಮೇಲೆ ನುಣ್ಣನೆಯ ಪ್ಲಾಟಿನಂ ಪುಡಿ ಕೂರಿಸಿದರು. ಲೋಹದ ತೂಕಕ್ಕಿಂತ ಅದರ ಮೈಯ ವಿಸ್ತಾರ ಮುಖ್ಯ ಎಂಬುದು ಅವರಿಗೆ ಹೊಳೆದಿತ್ತು.

ಆ ಮೈಮೇಲೆ ನಡೆಯುವುದೇನು? ಹೈಡ್ರೋಜನ್ ಅಣು ಪ್ಲಾಟಿನಂಗೆ ತಾಗಿದ ಕೂಡಲೇ ಎರಡು ಪರಮಾಣುಗಳಾಗಿ ಒಡೆದು ಅಂಟಿಕೊಳ್ಳುತ್ತದೆ. ಪ್ರತಿ ಪರಮಾಣುವೂ ಒಂದು ಇಲೆಕ್ಟ್ರಾನ್ ಕೊಟ್ಟು ಪ್ರೋಟಾನ್ ಆಗಿ ದ್ರಾವಣಕ್ಕೆ ಇಳಿಯುತ್ತದೆ. ಹಿಡಿತ ತೀರ ಸಡಿಲವಾದರೆ ಅಣು ಒಡೆಯುವುದಿಲ್ಲ. ತೀರ ಬಿಗಿಯಾದರೆ ಪರಮಾಣು ಬಿಟ್ಟು ಹೋಗುವುದಿಲ್ಲ. ಪ್ಲಾಟಿನಂ ಹದವಾಗಿ ಹಿಡಿಯುತ್ತದೆ, ಅದೇ ಅದರ ಗುಟ್ಟು.

ಆಕ್ಸಿಜನ್ ಮಾತ್ರ ಹಠಮಾರಿ. ಅದರ ಒಂದು ಅಣು ನೀರಾಗಲು ನಾಲ್ಕು ಇಲೆಕ್ಟ್ರಾನ್ ಬೇಕು. ನಡುವೆ ಹುಟ್ಟುವ ಆಕ್ಸಿಜನ್, ಹೈಡ್ರಾಕ್ಸಿಲ್ ತುಣುಕುಗಳು ಪ್ಲಾಟಿನಂ ಮೈಗೆ ಬಲವಾಗಿ ಕಚ್ಚಿಕೊಂಡು ಜಾಗ ತಡೆಯುತ್ತವೆ. ಹಾಗಾಗಿ ಫ್ಯೂಯೆಲ್ ಸೆಲ್‌ನಲ್ಲಿ ಪೂರ್ತಿ 1.23 ವೋಲ್ಟ್ ಸಿಗುವುದಿಲ್ಲ. ಲೋಡ್ ಹಾಕದಿದ್ದಾಗಲೂ ಸುಮಾರು 1 ವೋಲ್ಟ್ ಅಷ್ಟೇ. ಆಕ್ಸಿಜನ್ ಕಡೆಗೇ ಹೆಚ್ಚು ಪ್ಲಾಟಿನಂ ಬಳಿಯುವುದೂ ಇದಕ್ಕೇ. ಈ ದುಬಾರಿ ಲೋಹವನ್ನು ಕಡಿಮೆ ಬಳಸಿ ಹೆಚ್ಚು ಕೆಲಸ ತೆಗೆಯುವುದೇ ಇಂದಿನ ಸವಾಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ. ಶುಕ್ಲಾ ಅವರಂಥವರು ಫ್ಯೂಯೆಲ್ ಸೆಲ್ ಸಂಶೋಧನೆಗೆ ದಶಕಗಳನ್ನೇ ಕೊಟ್ಟಿದ್ದಾರೆ.

2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58 ರಾಕೆಟ್ಟಿನ ಕೊನೆಯ ಹಂತದಲ್ಲಿ ಇಸ್ರೋ ಫ್ಯೂಯೆಲ್ ಸೆಲ್ ಒಂದನ್ನು ಪರೀಕ್ಷಿಸಿತು. ಸಿಲಿಂಡರಿನಲ್ಲಿ ಒಯ್ದ ಹೈಡ್ರೋಜನ್, ಆಕ್ಸಿಜನ್ ಕೂಡಿ ಅಂತರಿಕ್ಷದಲ್ಲಿ 180 ವ್ಯಾಟ್ ವಿದ್ಯುತ್ ಕೊಟ್ಟವು.

ರೈತ ಬಾಂಧವರಿಗೂ ಇದರಲ್ಲಿ ಮಾತಿದೆ. ಕೃಷಿ ತ್ಯಾಜ್ಯದಂಥ ಜೀವರಾಶಿಯನ್ನು ಆಕ್ಸಿಜನ್ ಮತ್ತು ಹಬೆಯ ಜೊತೆ ಕಾಯಿಸಿ ಹೈಡ್ರೋಜನ್ ತೆಗೆಯುವ ವಿಧಾನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಸ್. ದಾಸಪ್ಪ ಅವರ ತಂಡ ರೂಪಿಸಿದೆ. 1 ಕಿಲೋ ಜೀವರಾಶಿಗೆ 100 ಗ್ರಾಂ ಹೈಡ್ರೋಜನ್. ಅದರಲ್ಲಿ ಒಂದು ಪಾಲು ಹಬೆಯಿಂದ ಬಂದದ್ದು. ನಮ್ಮ ಹೊಲದ ಹತ್ತಿಕಟ್ಟಿಗೆ, ಗೋವಿನಜೋಳದ ದಂಟಿನ ಬಗ್ಗೆಯೂ ಹೀಗೆ ಯೋಚಿಸಬಹುದು. ಆದರೆ ಹೀಗೆ ಕಾಯಿಸಿದಾಗ ಬರುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಬೆರೆತಿರುತ್ತದೆ. ರಾಣೆಬೆನ್ನೂರು ಬಸ್ಸಿನ ಸೀಟಿಗೆ ಟವೆಲ್ ಹಾಕಿದವರಂತೆ ಅದು ಪ್ಲಾಟಿನಂ ಮೇಲೆ ಜಾಗ ಹಿಡಿದು ಏಳುವುದೇ ಇಲ್ಲ. ಹೈಡ್ರೋಜನ್‌ಗೆ ಕೂರಲು ಎಡೆಯಿಲ್ಲ. ಹತ್ತು ಲಕ್ಷದಲ್ಲಿ ಹತ್ತಾರು ಪಾಲು ಇದ್ದರೂ ಸಾಕು, ಸಾಮಾನ್ಯ ಫ್ಯೂಯೆಲ್ ಸೆಲ್ ಸೊರಗುತ್ತದೆ. ಹೈಡ್ರೋಜನ್ ತಯಾರಿಸಿದರೆ ಮುಗಿಯಲಿಲ್ಲ, ಶುದ್ಧ ಮಾಡಬೇಕು.

ಮಕ್ಕಳೇ, ನಿಮ್ಮ ಪ್ರಯೋಗದಲ್ಲಿ ಆಕ್ಸಿಜನ್ ಹೈಡ್ರೋಜನ್ನಿನ ಅರ್ಧಕ್ಕಿಂತಲೂ ಕಡಿಮೆ ಬರಬಹುದು. ಸ್ವಲ್ಪ ನೀರಲ್ಲಿ ಕರಗುತ್ತದೆ, ಸ್ವಲ್ಪ ಇಂಗಾಲದ ಕಡ್ಡಿಯನ್ನೇ ತಿನ್ನುತ್ತದೆ. ಪುಸ್ತಕಕ್ಕೆ ಹೊಂದಲಿ ಎಂದು ಅಂಕಿ ತಿದ್ದಬೇಡಿ. ಕಂಡದ್ದನ್ನೇ ಬರೆದು, ಯಾಕೆ ಎಂದು ಗುರುಗಳನ್ನು ಕೇಳಿ. ಸೋಡಾ ಬದಲು ಅಡುಗೆ ಉಪ್ಪು ಹಾಕಬೇಡಿ, ವಿಷಕಾರಿ ಕ್ಲೋರಿನ್ ಬರುತ್ತದೆ. ಹೈಡ್ರೋಜನ್ ಹತ್ತಿರ ಬೆಂಕಿ ತರಬೇಡಿ.

ಊರಿನ ಹಿರಿಯರು ಪ್ರತಿ ಮೇಜಿನ ಮುಂದೆಯೂ ನಿಂತು ಮಕ್ಕಳಿಗೆ ಒಂದೊಂದು ಪ್ರಶ್ನೆಯನ್ನಾದರೂ ಕೇಳಬೇಕೆಂದು ಕೋರುತ್ತಾ, ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತೇನೆ.