ಬಾಡಿಗೆ ತಾಯ್ತನ: ಕಾನೂನು ಹೇಳುವುದೇನು, ಶರೀಅತ್ ಕೇಳುವುದೇನು?

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರದ ಕುಟುಂಬಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿಕಾಹ್ ನಡೆದು ಎರಡು ವರ್ಷ ಕಳೆಯುವುದರೊಳಗೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಮೊದಲು ಅತ್ತೆಯ ಬಾಯಲ್ಲಿ, ಅನಂತರ ನೆರೆಹೊರೆಯವರ ಬಾಯಲ್ಲಿ, ಕೊನೆಗೆ ಮದುವೆಯ ಮಂಟಪಗಳಲ್ಲಿ ಎದುರಾಗುವ ಅಪರಿಚಿತರ ಬಾಯಲ್ಲಿ. ಆ ಪ್ರಶ್ನೆ ಯಾವಾಗಲೂ ಸೊಸೆಯತ್ತಲೇ ತಿರುಗಿರುತ್ತದೆ. ಆಕೆಗೆ ಬಂಜೆಯೆಂಬ ಪಟ್ಟ ಕಟ್ಟಲು ವೈದ್ಯರ ವರದಿ ಯಾರಿಗೂ ಬೇಕಾಗುವುದಿಲ್ಲ. ಮೊದಲು ತಾಯಿತ, ಬಳಿಕ ಆಮಿಲರ ಮನೆ, ಆಮೇಲೆ ಎರಡನೆಯ ಮದುವೆಯ ಮಾತು. ಈಗ ಈ ಸಾಲಿಗೆ ಹೊಸದೊಂದು ಸೇರಿದೆ: ಬೆಂಗಳೂರಿನಲ್ಲಿ ಬಾಡಿಗೆ ತಾಯಿ ಸಿಗುತ್ತಾಳಂತೆ, ಹಣವಿದ್ದರೆ ಸಾಕಂತೆ ಎಂಬ ಪಿಸುಮಾತು. ಈ ಪಿಸುಮಾತನ್ನು ಬಯಲಿಗೆ ತಂದು ಪರಿಶೀಲಿಸುವುದೇ ಇಂದಿನ ನಮ್ಮ ಉದ್ದೇಶ.

ಮಕ್ಕಳ ಹಂಬಲ ತಪ್ಪಲ್ಲ. ಪ್ರವಾದಿ ಝಕರಿಯಾ(ಅ) ಇಳಿವಯಸ್ಸಿನಲ್ಲೂ ಸಂತಾನಕ್ಕಾಗಿ ಪ್ರಾರ್ಥಿಸಿದರು. ಆದರೆ ಮಕ್ಕಳಿಲ್ಲದಿರುವುದು ಅವಮಾನವೂ ಅಲ್ಲ. ಅಲ್ಲಾಹನು ತಾನಿಚ್ಛಿಸಿದವರಿಗೆ ಹೆಣ್ಣು ಮಕ್ಕಳನ್ನು, ತಾನಿಚ್ಛಿಸಿದವರಿಗೆ ಗಂಡು ಮಕ್ಕಳನ್ನು ಕೊಡುತ್ತಾನೆ ಮತ್ತು ಕೆಲವರನ್ನು ಸಂತಾನವಿಲ್ಲದವರನ್ನಾಗಿ ಇರಿಸುತ್ತಾನೆಂದು ಅಶ್ಶೂರಾ ಅಧ್ಯಾಯ ತಿಳಿಸುತ್ತದೆ. ಹಝ್ರತ್ ಆಯಿಶಾ(ರ)ರಿಗೆ ಮಕ್ಕಳಿರಲಿಲ್ಲ. ಇಡೀ ಸಮುದಾಯ ಅವರನ್ನು ವಿಶ್ವಾಸಿಗಳ ಮಾತೆಯೆಂದು ಕರೆಯುತ್ತದೆ. ಅವರ ಹೆಸರನ್ನು ನಮ್ಮ ಹೆಣ್ಣುಮಕ್ಕಳಿಗೆ ಇಡುವ ನಾವು, ಅದೇ ಹೆಣ್ಣುಮಕ್ಕಳನ್ನು ಮಕ್ಕಳಾಗಲಿಲ್ಲವೆಂದು ತವರಿಗಟ್ಟುತ್ತೇವೆ. ಇದೆಂತಹ ನ್ಯಾಯ?

ವೈದ್ಯಕೀಯ ಸತ್ಯವನ್ನು ಮೊದಲು ತಿಳಿಯೋಣ. ಜಗತ್ತಿನಲ್ಲಿ ಸರಿಸುಮಾರು ಆರರಲ್ಲೊಬ್ಬರು ಜೀವಿತದ ಯಾವುದಾದರೊಂದು ಹಂತದಲ್ಲಿ ಬಂಜೆತನವನ್ನು ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿತು. ಇಂತಹ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ತಂಬಾಕು ವೀರ್ಯಾಣುಗಳನ್ನು ಕುಗ್ಗಿಸುತ್ತದೆ. ಇಟ್ಟಿಗೆ ಗೂಡಿನ ಮುಂದೆ, ಬೇಕರಿಯ ಒಲೆಯ ಮುಂದೆ ದಿನವಿಡೀ ನಿಲ್ಲುವವನ ಮೈಗೆ ತಗಲುವ ಕಾವೂ ಕುಗ್ಗಿಸುತ್ತದೆ. ಸ್ತ್ರೀಯರಲ್ಲಿ ಗರ್ಭಾಂಗದ ಕ್ಷಯವು ನಮ್ಮ ದೇಶದಲ್ಲಿ ಬಂಜೆತನದ ಗೊತ್ತಿರುವ ಕಾರಣಗಳಲ್ಲೊಂದು. ಥೈರಾಯ್ಡ್ ದೋಷವೂ ಹಾಗೆಯೇ. ಪತಿಯ ವೀರ್ಯ ಪರೀಕ್ಷೆ ಅತ್ಯಂತ ಸರಳ, ಅತ್ಯಂತ ಅಗ್ಗ. ಆದರೂ ಪತ್ನಿಗೆ ಹತ್ತು ಪರೀಕ್ಷೆಗಳಾದ ಮೇಲೂ ಆ ಒಂದಕ್ಕೆ ಒಪ್ಪದ ಗಂಡಸರು ನಮ್ಮಲ್ಲಿದ್ದಾರೆ.

ಇನ್ನು ಬಾಡಿಗೆ ತಾಯ್ತನದ ವಿಧಾನ. ಪತ್ನಿಗೆ ಹತ್ತು ಹನ್ನೆರಡು ದಿನ ಚುಚ್ಚುಮದ್ದು ನೀಡಿ ಅಂಡಗಳನ್ನು ಬೆಳೆಸಲಾಗುತ್ತದೆ. ಅರಿವಳಿಕೆ ಕೊಟ್ಟು ಸೂಜಿಯ ಮೂಲಕ ಅವುಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಪತಿಯ ವೀರ್ಯದೊಂದಿಗೆ ಫಲಗೊಳಿಸಲಾಗುತ್ತದೆ. ಮೂರರಿಂದ ಐದು ದಿನಗಳ ಭ್ರೂಣವನ್ನು, ಹಾರ್ಮೋನುಗಳಿಂದ ಮೊದಲೇ ಸಿದ್ಧಪಡಿಸಿದ ಇನ್ನೊಬ್ಬ ಮಹಿಳೆಯ ಗರ್ಭಾಶಯಕ್ಕೆ ತೆಳುನಳಿಕೆಯ ಮೂಲಕ ಸೇರಿಸಲಾಗುತ್ತದೆ. ಸುಮಾರು ಎರಡು ವಾರಗಳ ಬಳಿಕ ರಕ್ತಪರೀಕ್ಷೆಯಿಂದ ಫಲಿತಾಂಶ ತಿಳಿಯುತ್ತದೆ. ಒಂದೇ ಯತ್ನದಲ್ಲಿ ಗರ್ಭ ನಿಲ್ಲುವ ಖಾತರಿ ಯಾರೂ ಕೊಡಲಾರರು. ಮಗು ರೂಪುಗೊಂಡಿರುವುದು ಆ ದಂಪತಿಯ ಬೀಜದಿಂದ. ಆದರೆ ವಾಂತಿ, ರಕ್ತದೊತ್ತಡ, ಹೆರಿಗೆ ನೋವು, ಶಸ್ತ್ರಚಿಕಿತ್ಸೆಯ ಗಾಯ, ಪ್ರಾಣಾಪಾಯ ಎಲ್ಲವೂ ಹೊತ್ತವಳವೇ.

ಒಂದು ಕಾಲದಲ್ಲಿ ನಮ್ಮ ದೇಶ ಇದರ ಮಾರುಕಟ್ಟೆಯಾಗಿತ್ತು. ಗುಜರಾತಿನ ಆನಂದ್ ಪಟ್ಟಣಕ್ಕೆ ಜಗತ್ತಿನ ನಾನಾ ಕಡೆಗಳಿಂದ ದಂಪತಿಗಳು ಬರುತ್ತಿದ್ದರು. 2008ರಲ್ಲಿ ಅಲ್ಲಿ ಜಪಾನಿನ ದಂಪತಿಗಾಗಿ ಮಗುವೊಂದು ಹುಟ್ಟುವ ಮೊದಲೇ ಆ ದಂಪತಿ ವಿಚ್ಛೇದನ ಪಡೆದಿದ್ದರು. ಮಗುವನ್ನು ಕರೆದೊಯ್ಯಲು ಅಜ್ಜಿ ಬಂದು, ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2015ರಲ್ಲಿ ಸರಕಾರ ವಿದೇಶೀಯರಿಗೆ ಈ ಬಾಗಿಲು ಮುಚ್ಚಿತು. 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆ 2022ರ ಜನವರಿ 25ರಿಂದ ಜಾರಿಗೆ ಬಂದಿದೆ.

ಹೆಸರಿನಲ್ಲಿ ಬಾಡಿಗೆಯಿದ್ದರೂ ಈ ಕಾಯ್ದೆಯಲ್ಲಿ ಬಾಡಿಗೆಗೆ ಸ್ಥಾನವೇ ಇಲ್ಲ. ಮಗುವನ್ನು ಹೊರುವವಳಿಗೆ ವೈದ್ಯಕೀಯ ಖರ್ಚು, ಕಾಯ್ದೆ ಸೂಚಿಸಿದ ಇತರ ವೆಚ್ಚ ಮತ್ತು 36 ತಿಂಗಳ ವಿಮೆಯನ್ನು ದಂಪತಿ ಒದಗಿಸಬೇಕು. ಅದಕ್ಕಿಂತ ಹೆಚ್ಚಿನ ಹಣ, ಪ್ರತಿಫಲ ಕೊಡುವಂತಿಲ್ಲ. ಆಕೆ 25ರಿಂದ 35 ವರ್ಷದೊಳಗಿನವಳಾಗಿರಬೇಕು, ವಿವಾಹವಾದವಳಾಗಿದ್ದು ಸ್ವಂತ ಮಗುವಿರಬೇಕು, ಜೀವಿತದಲ್ಲಿ ಒಮ್ಮೆ ಮಾತ್ರ ಹೀಗೆ ಹೊರಬಹುದು. ಆಕೆಯ ಅಂಡವನ್ನು ಬಳಸುವಂತಿಲ್ಲ. ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಅಪಾಯಗಳನ್ನು ವಿವರಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಭ್ರೂಣ ಸೇರಿಸುವ ಮೊದಲು ಯಾವ ಗಳಿಗೆಯಲ್ಲಾದರೂ ಆಕೆ ಹಿಂದೆ ಸರಿಯಬಹುದು. ದಂಪತಿಯಲ್ಲಿ ಪತ್ನಿಗೆ 23ರಿಂದ 50, ಪತಿಗೆ 26ರಿಂದ 55 ವರ್ಷದ ಮಿತಿಯಿದೆ. ಗರ್ಭಾಶಯವಿಲ್ಲದಿರುವುದು, ಗರ್ಭಪಾತಗಳು ಮರುಕಳಿಸುವುದು, ಗರ್ಭ ಧರಿಸಿದರೆ ಪ್ರಾಣಕ್ಕೆ ಅಪಾಯವಿರುವುದು ಮುಂತಾದ ಕಾರಣವನ್ನು ಜಿಲ್ಲಾ ವೈದ್ಯಕೀಯ ಮಂಡಳಿ ದೃಢೀಕರಿಸಬೇಕು. ಹುಟ್ಟುವ ಮಗುವಿನ ಪಾಲಕತ್ವದ ಬಗ್ಗೆ ಪ್ರಥಮ ದರ್ಜೆಯ ಅಥವಾ ಮೇಲಿನ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಹುಟ್ಟಿದ ಮಗು ಕಾನೂನಿನಲ್ಲಿ ಆ ದಂಪತಿಯದೇ. ಹೆಣ್ಣೆಂದೋ ಅಂಗವಿಕಲವೆಂದೋ ಅದನ್ನು ತೊರೆಯುವಂತಿಲ್ಲ. ಇದನ್ನು ವ್ಯಾಪಾರ ಮಾಡಿದವರಿಗೆ ಹತ್ತು ವರ್ಷಗಳವರೆಗೆ ಸೆರೆ ಮತ್ತು ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ಹಣ ಕೊಟ್ಟು ಮಗು ಪಡೆಯಹೊರಟ ದಂಪತಿಯೂ ಶಿಕ್ಷೆಗೆ ಗುರಿಯಾಗುತ್ತಾರೆ.

ನ್ಯಾಯಾಲಯಗಳು ಈ ಕಾನೂನಿನ ಬಿಗಿಯನ್ನು ಅಲ್ಲಲ್ಲಿ ಸಡಿಲಿಸಿವೆ. ಬೆಳೆದ ಮಗನನ್ನು ಕಳೆದುಕೊಂಡ, ಪತಿಯ ವಯಸ್ಸು ಮಿತಿ ದಾಟಿದ್ದ ದಂಪತಿಯ ಅರ್ಜಿಯನ್ನು ಅವರ ದೈಹಿಕ ಹಾಗೂ ಆರ್ಥಿಕ ಸಾಮರ್ಥ್ಯ ಪರೀಕ್ಷಿಸಿ ಪರಿಗಣಿಸಬೇಕೆಂಬ ನಿಲುವನ್ನು ಕರ್ನಾಟಕ ಹೈಕೋರ್ಟ್ 2023ರ ಏಪ್ರಿಲ್‌ನಲ್ಲಿ ತಳೆಯಿತು. ಕಾಯ್ದೆ ಬರುವ ಮೊದಲೇ ಭ್ರೂಣವನ್ನು ಶೀತಲೀಕರಿಸಿ ಇರಿಸಿದ್ದ ದಂಪತಿಗಳಿಗೆ ವಯೋಮಿತಿ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು.

ಹಾಗಾದರೆ ಬಾಡಿಗೆ ತಾಯಿ ಸಿಗುತ್ತಾಳೆಂದು ಹೇಳುವ ದಲ್ಲಾಳಿ ಯಾರು? ಆತ ನಿಮ್ಮನ್ನು ಸೆರೆಮನೆಯ ಬಾಗಿಲಿಗೆ ಕರೆದೊಯ್ಯುವವನು. 2025ರ ಜುಲೈಯಲ್ಲಿ ಹೈದರಾಬಾದ್ ಪ್ರದೇಶದ ಸಂತಾನ ಚಿಕಿತ್ಸಾ ಕೇಂದ್ರವೊಂದರ ಪ್ರಕರಣ ಬೆಳಕಿಗೆ ಬಂತು. ಬಾಡಿಗೆ ತಾಯಿಯ ಮೂಲಕ ಹುಟ್ಟಿದ್ದೆಂದು ಲಕ್ಷಾಂತರ ರೂಪಾಯಿ ಪಡೆದು ನೀಡಿದ ಶಿಶು, ಡಿಎನ್‌ಎ ಪರೀಕ್ಷೆಯಲ್ಲಿ ಆ ದಂಪತಿಯದಲ್ಲವೆಂದು ತಿಳಿಯಿತು. ಅದನ್ನು ಬಡ ತಂದೆತಾಯಿಯಿಂದ ಖರೀದಿಸಲಾಗಿತ್ತೆಂದು ಪೊಲೀಸರು ತಿಳಿಸಿದರು. ಇಟ್ಟಿಗೆ ಗೂಡಿನಲ್ಲೋ ಮಾವಿನ ಮಂಡಿಯಲ್ಲೋ ದಿನಗೂಲಿ ಮಾಡುವ, ಗಂಡನ ಸಾಲ ಹೊತ್ತ ಹೆಣ್ಣುಮಗಳ ಬಳಿಗೇ ಇಂತಹ ದಲ್ಲಾಳಿ ಮೊದಲು ಹೋಗುತ್ತಾನೆ. ಕಾನೂನು ಮಾರಾಟವನ್ನು ನಿಷೇಧಿಸಿದೆ, ಆದರೆ ಮಾರಾಟಕ್ಕಿಳಿಸುವ ಬಡತನವನ್ನು ನಿಷೇಧಿಸಿಲ್ಲ. ಪರವಾನಗಿ, ಮಂಡಳಿ, ಪ್ರಮಾಣಪತ್ರಗಳ ವ್ಯವಸ್ಥೆ ಮಾಡಿದ ಸರಕಾರ, ಬಡ ದಂಪತಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಬಂಜೆತನದ ಪ್ರಾಥಮಿಕ ಚಿಕಿತ್ಸೆಯನ್ನಾದರೂ ಖಾತರಿಪಡಿಸಬೇಡವೇ? ಮತ ಕೇಳಲು ಬರುವವರಲ್ಲಿ ರಸ್ತೆ, ಚರಂಡಿಗಳ ಜೊತೆಗೆ ಇದನ್ನೂ ಕೇಳಬೇಕು.

ಈಗ ಶರೀಅತ್‌ನ ನಿಲುವು. ಪ್ರನಾಳ ಶಿಶುವಿನ ಬಗ್ಗೆ ಅಲ್‌ಅಝ್‌ಹರ್‌ನ ವಿದ್ವಾಂಸರು 1980ರಲ್ಲೇ ಫತ್ವಾ ನೀಡಿದ್ದರು: ಪತಿಯ ವೀರ್ಯ, ಪತ್ನಿಯ ಅಂಡ, ಅದೇ ಪತ್ನಿಯ ಗರ್ಭ, ನಿಕಾಹ್ ಉಳಿದಿರುವ ಕಾಲ, ಇಷ್ಟರೊಳಗೆ ಚಿಕಿತ್ಸೆಗೆ ಅನುಮತಿಯಿದೆ. ಮೂರನೆಯ ವ್ಯಕ್ತಿಯ ಪ್ರವೇಶಕ್ಕೆ ಅನುಮತಿಯಿಲ್ಲ. ಒಬ್ಬನ ಇಬ್ಬರು ಪತ್ನಿಯರಲ್ಲಿ ಒಬ್ಬಳ ಅಂಡದಿಂದಾದ ಭ್ರೂಣವನ್ನು ಇನ್ನೊಬ್ಬಳು ಹೊರಬಹುದೆಂದು ಮಕ್ಕಾದ ಫಿಕ್ಹ್ ಮಂಡಳಿ 1984ರಲ್ಲಿ ಹೇಳಿತ್ತಾದರೂ, ಮರುವರ್ಷವೇ ಅದನ್ನು ಹಿಂತೆಗೆದುಕೊಂಡಿತು. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಬಾಡಿಗೆ ತಾಯ್ತನವನ್ನು ನಿಷಿದ್ಧವೆಂದಿತು. ಶಿಯಾ ವಿದ್ವಾಂಸರಲ್ಲಿ ಹಲವರು ಅನುಮತಿಸುತ್ತಾರೆ. ಇರಾನಿನಲ್ಲಿ ಅದು ರೂಢಿಯಲ್ಲಿದೆ. ಭಿನ್ನಾಭಿಪ್ರಾಯವಿದೆಯೆಂಬುದನ್ನು ಮರೆಮಾಚುವ ಅಗತ್ಯ ನಮಗಿಲ್ಲ.

ಕೆಲವರು ಕೇಳುತ್ತಾರೆ: ಹಝ್ರತ್ ಹಲೀಮಾ(ರ) ಪ್ರವಾದಿವರ್ಯರಿಗೆ(ಸ) ಹಾಲುಣಿಸಿದರು, ಸಂಬಳ ಕೊಟ್ಟು ಹಾಲುಣಿಸುವ ದಾದಿಯನ್ನು ನೇಮಿಸಲು ಕುರ್‌ಆನ್ ಅನುಮತಿಸಿದೆ, ಹಾಲಿಗಿರುವ ಅನುಮತಿ ಗರ್ಭಕ್ಕೇಕಿಲ್ಲ? ಪ್ರಶ್ನೆ ಅರ್ಥಪೂರ್ಣವಾದದ್ದೇ. ಉತ್ತರವಿಷ್ಟೆ: ಹಾಲುಣಿಸುವವಳು ಹುಟ್ಟಿದ ಮಗುವನ್ನು ಸ್ವೀಕರಿಸುತ್ತಾಳೆ. ಆ ಮಗುವಿನ ತಾಯಿ ಯಾರೆಂಬ ಸಂಶಯ ಅಲ್ಲಿಲ್ಲ. ಇಲ್ಲಿ ತಾಯ್ತನವೇ ಎರಡಾಗಿ ಸೀಳುತ್ತದೆ. ಹೆತ್ತವರೇ ತಾಯಂದಿರೆಂಬ ಆಶಯ ಅಲ್‌ಮುಜಾದಲಃ ಅಧ್ಯಾಯದ ಎರಡನೆಯ ಸೂಕ್ತದಲ್ಲಿದೆ. ಅದರಂತೆ ಹೆತ್ತವಳೇ ತಾಯಿಯಾದರೆ, ಮಗು ಆಕೆಯ ವಾರಸುದಾರನಾಗಬೇಕು. ನಮ್ಮ ದೇಶದ ಕಾನೂನಾದರೋ ಮಗುವನ್ನು ದಂಪತಿಗೆ ಸೇರಿಸುತ್ತದೆ. ಮುಂದೊಂದು ದಿನ ಚಿಕ್ಕಪ್ಪಂದಿರು ಆಸ್ತಿಯ ವಿಭಜನೆಯ ವೇಳೆ ಈ ಪ್ರಶ್ನೆಯನ್ನು ಎತ್ತಿದರೆ, ಶಿಕ್ಷೆ ಅನುಭವಿಸುವುದು ಏನೂ ಅರಿಯದ ಆ ಮಗು. ವಿಧವೆಗೆ, ವಿಚ್ಛೇದಿತೆಗೆ ದಾನಿಯ ವೀರ್ಯದಿಂದ ಮಗು ಪಡೆಯಲು ಕಾನೂನು ಅವಕಾಶ ನೀಡಿದೆ. ಶರೀಅತ್ ನೀಡಿಲ್ಲ. ಕಾನೂನು ಅನುಮತಿಸಿದ್ದೆಲ್ಲವೂ ಹಲಾಲ್ ಆಗುವುದಿಲ್ಲವೆಂಬುದು ನೆನಪಿರಲಿ.

ಹಾಗೆಂದು ಈಗಾಗಲೇ ಹೀಗೆ ಹುಟ್ಟಿದ ಮಗುವನ್ನು ಯಾರೂ ಕೀಳಾಗಿ ಕಾಣಕೂಡದು. ಹೆತ್ತವರ ನಿರ್ಧಾರಕ್ಕೆ ಮಗು ಹೊಣೆಯಲ್ಲ. ಅದರ ಪಾಲಿನ ಬಗ್ಗೆ ಸಂಶಯವಿದ್ದರೆ ತಂದೆತಾಯಿ ಬದುಕಿರುವಾಗಲೇ ಹಿಬಾ ಮೂಲಕ ದಾನ ಬರೆದುಕೊಡಬಹುದು. ವಾರಸುದಾರರಲ್ಲದವರಿಗೂ ಆಸ್ತಿಯ ಮೂರನೆಯ ಒಂದರಷ್ಟನ್ನು ವಸಿಯ್ಯತ್ ಮಾಡಬಹುದು. ಹೊತ್ತು ಹೆತ್ತ ಆ ಮಹಿಳೆಯ ಗೌರವವನ್ನೂ ಕಾಯಬೇಕು.

ಬೇರೆ ದಾರಿಯಿದೆಯೇ? ಇದೆ. ಅನಾಥ ಮಗುವನ್ನು ಸಾಕುವುದು. ಪ್ರವಾದಿವರ್ಯರು(ಸ) ಅನಾಥರ ಪೋಷಕನಿಗೆ ಸ್ವರ್ಗದಲ್ಲಿ ತಮ್ಮ ಸಾಮೀಪ್ಯದ ಶುಭವಾರ್ತೆ ನೀಡಿದ್ದಾರೆ. ಇಸ್ಲಾಮ್ ನಿಷೇಧಿಸಿರುವುದು ಸಾಕುವುದನ್ನಲ್ಲ, ಮಗುವಿನ ನಿಜವಾದ ನಸಬನ್ನು ಅಳಿಸುವುದನ್ನು. 1890ರ ಪಾಲಕರ ಕಾಯ್ದೆಯಡಿ ನ್ಯಾಯಾಲಯದಿಂದ ಪಾಲಕತ್ವ ಪಡೆಯಬಹುದು. 2015ರ ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದೆಂಬುದೂ ನಿಜ. ಆ ದಾರಿ ಹಿಡಿಯುವವರು ನಸಬ್‌ನ ಪ್ರಶ್ನೆಯನ್ನು ಮೊದಲೇ ಉಲಮಾಗಳಲ್ಲಿ ಕೇಳಿ ತಿಳಿಯಬೇಕು. ಪರದೆಯ ಪ್ರಶ್ನೆಗೆ ಫಿಕ್ಹ್‌ನಲ್ಲೇ ಪರಿಹಾರವಿದೆ. ಎರಡು ವರ್ಷ ತುಂಬದ ಗಂಡುಮಗುವಿಗೆ ಸಾಕುತಾಯಿಯ ಅಕ್ಕನೋ ತಂಗಿಯೋ ಹಾಲುಣಿಸಿದರೆ ಸಾಕುತಾಯಿ ಅದರ ಹಾಲುಸಂಬಂಧದ ಖಾಲಾ ಆಗುತ್ತಾಳೆ. ಹೆಣ್ಣುಮಗುವಿಗೆ ಸಾಕುತಂದೆಯ ಸೋದರಿ ಹಾಲುಣಿಸಿದರೆ ಆತ ಮಾಮೂ ಆಗುತ್ತಾನೆ. ಒಂದೇ ಸೂರಿನಡಿ ನಿಸ್ಸಂಕೋಚವಾಗಿ ಬಾಳಲು ಇಷ್ಟು ಸಾಕು.

ಕೊನೆಯದಾಗಿ, ಈ ನಾಲ್ಕು ಪಟ್ಟಣಗಳ ಜಮಾಅತ್‌ಗಳಲ್ಲಿ ನಾವು ಕೇಳಿಕೊಳ್ಳುವುದಿಷ್ಟು. ಮಕ್ಕಳಿಲ್ಲವೆಂಬ ಕಾರಣದಿಂದ ತಲಾಖ್‌ನ ಅಥವಾ ಎರಡನೆಯ ನಿಕಾಹ್‌ನ ಮಾತು ಬಂದಾಗ, ಪತಿಯ ವೈದ್ಯಕೀಯ ಪರೀಕ್ಷೆ ಆಗಿದೆಯೇ ಎಂದು ಮೊದಲು ಕೇಳಿರಿ. ದಲ್ಲಾಳಿ ಊರಿಗೆ ಬಂದರೆ ಪೊಲೀಸರಿಗೆ ತಿಳಿಸಿರಿ, ಆತ ಹುಡುಕಿಕೊಂಡು ಬಂದ ಮನೆಗೆ ಬೈತುಲ್‌ಮಾಲ್‌ನಿಂದ ನೆರವು ತಲುಪಿಸಿರಿ. ಜುಮಾದ ಪ್ರವಚನದಲ್ಲಿ ಈ ವಿಷಯವನ್ನೂ ಸಂಕೋಚವಿಲ್ಲದೆ ಎತ್ತಿರಿ. ಮಕ್ಕಳಿಲ್ಲದ ಸೊಸೆಯನ್ನು ನಾಮಕರಣಕ್ಕೂ ಅಕೀಕಾಕ್ಕೂ ಕರೆಯದೆ ದೂರವಿಡುವ ಕ್ರೂರ ಪದ್ಧತಿಯನ್ನು ನಿಮ್ಮ ಮನೆಯಿಂದಲೇ ಕೊನೆಗಾಣಿಸಿರಿ.

ಸಂತಾನವಿರುವವರಿಗೆ ಕೃತಜ್ಞತೆಯನ್ನೂ ಇಲ್ಲದವರಿಗೆ ಸಹನೆಯನ್ನೂ ನಮ್ಮೆಲ್ಲರಿಗೆ ನ್ಯಾಯಪ್ರಜ್ಞೆಯನ್ನೂ ಅಲ್ಲಾಹನು ಅನುಗ್ರಹಿಸಲಿ. ಆಮೀನ್.